ಗುಂಯ್ ಇಲ್ಲದ ಮೈಕು

ಶಿರಂಗಾಲ
18-10-1954

ಚಿರಂಜೀವಿ ಸಿದ್ದಣ್ಣನಿಗೆ ಅಕ್ಕನ ಆಶೀರ್ವಾದ.

ವಿರಾಜಪೇಟೆಯಿಂದ ಹೊರಟವರು ಸುಖವಾಗಿ ಮನೆ ಮುಟ್ಟಿದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿನ್ನ ಭಾವನಿಗೆ ನಿನ್ನದೇ ಮಾತು. ನವರಾತ್ರಿ ಕಚೇರಿಯಲ್ಲಿ ನಾನು ಏನು ಹಾಡಿದೆ ಎನ್ನುವುದು ಅವರಿಗೆ ಮುಖ್ಯವಲ್ಲ. ಅದು ಸಂತೆಮಾಳದ ಆ ತುದಿಯ ಬೆಲ್ಲದ ಅಂಗಡಿಗೂ ಕೇಳಿಸಿತಂತೆ, ಅದು ಮುಖ್ಯ. ಹಾಡಿದವಳು ಹೆಂಡತಿ, ಹೊಗಳಿಕೆ ಮಾತ್ರ ಮೈಕು ಹಾಕಿದ ಬಾಮೈದುನನಿಗೆ. ಹೋಗಲಿ, ನೀನು ನಾನು ಎತ್ತಿ ಆಡಿಸಿದ ತಮ್ಮ ಎಂದು ಸುಮ್ಮನಾದೆ.

ನಿಜ ಹೇಳಬೇಕೆಂದರೆ ನನಗೂ ಆಶ್ಚರ್ಯವಾಯಿತು. ಹೋದ ವರ್ಷ ನಿಮ್ಮ ಅಂಗಡಿಯ ಯಜಮಾನ ಪೂವಯ್ಯನವರ ಮೈಕಿನಲ್ಲಿ ಹಾಡಿದಾಗ, ಹಾಡಿನ ಅಡಿಯಲ್ಲಿ ಗುಂಯ್ ಎನ್ನುವ ಸದ್ದು ಬಿಡದೆ ಇತ್ತು. ಶ್ರುತಿ ಯಾವುದು, ಗುಂಯ್ ಯಾವುದು ಎಂದು ತಿಳಿಯದೆ ಒದ್ದಾಡಿದ್ದೆ. ಈ ಸಲ ಅದು ಒಂದಿಷ್ಟೂ ಇರಲಿಲ್ಲ. ಎರಡು ಸಾಲುಗಳ ನಡುವೆ ನಾನು ಉಸಿರೆಳೆದದ್ದು ಕೂಡ ಹೊರಗೆ ಕಟ್ಟಿದ ಹಾರನ್ ಸ್ಪೀಕರಿನಲ್ಲಿ ಕೇಳಿ, ಒಂದು ಗಳಿಗೆ ನನಗೇ ನಾಚಿಕೆಯಾಯಿತು.

ಒಂದು ಮಾತು ಕೇಳಬೇಕು. ಮೂರನೆಯ ಹಾಡಿನಲ್ಲಿ ನನ್ನ ತುಟಿ ಮೈಕಿನ ಬಲೆಗೆ ತಗುಲಿತು. ಜುಮ್ಮೆಂದು ಹಲ್ಲಿನ ಬೇರಿನವರೆಗೂ ಹತ್ತಿತು. ಮುಖ ಹಿಂದಕ್ಕೆಳೆದು ಹೇಗೋ ಮುಗಿಸಿದೆ. ಮನೆಗೆ ಬಂದು ಅತ್ತೆಯ ಮುಂದೆ ಹೇಳಿದ್ದೇ ತಪ್ಪಾಯಿತು. ನಮ್ಮ ಚನ್ನಬಸಮ್ಮನವರನ್ನು ನೀನು ಬಲ್ಲೆ. "ಸಿವನ ಪದಾನ ಸಂತೇಲಿ ಹಾಡಿದ್ರೆ ತುಟಿ ಸುಡ್ದೆ ಇರ್ತದಾ," ಎಂದು ತಟ್ಟೆ ತಳ್ಳಿ ಎದ್ದರು. ನಾನು ನಕ್ಕೆ. ಆದರೆ ತುಟಿಯನ್ನು ಎರಡು ದಿನ ಮುಟ್ಟಿ ಮುಟ್ಟಿ ನೋಡಿಕೊಂಡೆ. ಅದೇನೆಂದು ತಿಳಿಸು.

ನಿನ್ನ ಅಕ್ಕ
ಸುಮಿತ್ರ


ವಿರಾಜಪೇಟೆ
27-10-1954

ಅಕ್ಕನ ಪಾದಗಳಿಗೆ ಸಿದ್ದಣ್ಣನ ನಮಸ್ಕಾರ.

ನಿನ್ನ ಕಾಗದವನ್ನು ಪೂವಯ್ಯನವರಿಗೂ ಓದಿ ಹೇಳಿದೆ. ತುಟಿಯ ವಿಷಯ ಬಿಟ್ಟು ಉಳಿದದ್ದನ್ನು. ಅವರು ಮೀಸೆ ತಿರುವಿ, "ನೋಡು ಮಾರಾಯ, ಇನ್ನು ಮೈಸೂರಿನವ್ರೂ ನಮ್ಮ ಮೈಕ್ ಸೆಟ್ಟೇ ಕೇಳ್ತಾರೆ," ಎಂದರು. ನನಗಿಂತ ಮೊದಲು ಹತ್ತು ವರ್ಷ ಮೈಕು ನೋಡಿಕೊಂಡ ಕೃಷ್ಣಪ್ಪನವರಿಗೆ ಆಗದ್ದು ನನ್ನಿಂದ ಆಯಿತಲ್ಲ ಎಂದು ನನಗೂ ಕೋಡು ಮೂಡಿದೆ.

ಆ ಗುಂಯ್ ಎಲ್ಲಿ ಹೋಯಿತೆಂದು ನಿನಗೊಬ್ಬಳಿಗೆ ಹೇಳುತ್ತೇನೆ. ಕೃಷ್ಣಪ್ಪನವರು ಎಲ್ಲಿ ಹೋದರೂ ಮೊದಲು ವೇದಿಕೆಯ ಪಕ್ಕ ಒಂದು ಕಬ್ಬಿಣದ ಸರಳು ಹೂಳುತ್ತಿದ್ದರು. ಆಂಪ್ಲಿಫೈಯರ್ ಪೆಟ್ಟಿಗೆಯಿಂದ ಒಂದು ತಂತಿಯನ್ನು ಅದಕ್ಕೆ ಕಟ್ಟಿ, ಬುಡಕ್ಕೆ ಉಪ್ಪುನೀರು ಸುರಿಯುತ್ತಿದ್ದರು. ಅದಕ್ಕೆ ಅರ್ತು ಎನ್ನುತ್ತಾರೆ. ಒಂದು ದಿನ ಆ ತಂತಿ ತಾನಾಗಿ ಕಳಚಿಕೊಂಡಿತು, ಗುಂಯ್ ಸದ್ದು ತಟ್ಟನೆ ನಿಂತಿತು. ಮತ್ತೆ ಸಿಕ್ಕಿಸಿದೆ, ಮತ್ತೆ ಬಂತು. ಅವತ್ತೇ ತಂತಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಈಗ ಸ್ವರ ಕೇಳು, ತೊಳೆದಿಟ್ಟ ಹಾಗಿದೆ.

ತುಟಿಯದು ನಿನ್ನ ಗಾಬರಿ ಇರಬೇಕು. ಹಾಡುವವರನ್ನು ಕರೆಯುವ ಮೊದಲು ನಾನೇ ಮೈಕನ್ನು ಹಿಂಗೈಯಿಂದ ಮುಟ್ಟಿ ನೋಡುತ್ತೇನೆ. ಕೃಷ್ಣಪ್ಪನವರು ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟುತ್ತಿದ್ದರು, ನಾನು ಪೂವಯ್ಯನವರು ಕೊಡಿಸಿದ ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಬೂಟಿನಲ್ಲಿ ನಿಂತು ಮುಟ್ಟುತ್ತೇನೆ, ಅಷ್ಟೇ ವ್ಯತ್ಯಾಸ. ಅವತ್ತೂ ಮುಟ್ಟಿದ್ದೆ. ಏನೂ ಇರಲಿಲ್ಲ. ಮುಂದಿನ ತಿಂಗಳು ಮಡಿಕೇರಿಯಲ್ಲಿ ನಿನ್ನ ಕಚೇರಿಗೆ ನಾನೇ ಬರುತ್ತೇನೆ. ಧೈರ್ಯವಾಗಿ ಹಾಡು.

ನಿನ್ನ ತಮ್ಮ
ಸಿದ್ದಣ್ಣ


ಶಿರಂಗಾಲ
29-11-1954

ಚಿ. ಸಿದ್ದಣ್ಣನಿಗೆ,

ಮಡಿಕೇರಿಯಲ್ಲಿ ಕಚೇರಿ ಮುಗಿದದ್ದೇ ನೀನು ತಂತಿ ಸುತ್ತುವುದರಲ್ಲಿ ಮುಳುಗಿದ್ದೆ. ಜನ ಮುತ್ತಿಕೊಂಡಿದ್ದರು. ಅಲ್ಲಿ ಹೇಳಲಾಗಲಿಲ್ಲ, ಈಗ ಬರೆಯುತ್ತಿದ್ದೇನೆ.

ನಿಂತು ಹಾಡುವುದು ನಮಗೆ ಅಪ್ಪ ಹಾಕಿಕೊಟ್ಟ ಪದ್ಧತಿ. ಶಿವನ ಮುಂದೆ ಕೂರಬಾರದು, ಕಾಲು ತೊಳೆದು ಬರಿಗಾಲಲ್ಲಿ ನಿಲ್ಲಬೇಕು. ಅವತ್ತೂ ಹಾಗೇ ನಿಂತೆ. ಕಾರ್ತಿಕದಲ್ಲೂ ಜಿನುಗುತ್ತಿದ್ದ ಮಳೆಗೆ ನೆಲವೆಲ್ಲ ತೇವವಾಗಿತ್ತು. ಎರಡನೆಯ ಹಾಡಿಗೆ ಮೈಕಿನ ಕಂಬಿಯನ್ನು ಸ್ವಲ್ಪ ತಗ್ಗಿಸೋಣವೆಂದು ಹಿಡಿದೆ. ಹಿಡಿದ ಕೈ ಬಿಡಲಿಲ್ಲ, ಸಿದ್ದಣ್ಣ. ನಾನು ಬಿಡು ಎನ್ನುತ್ತಿದ್ದೇನೆ, ಬೆರಳು ಕೇಳುತ್ತಿಲ್ಲ. ತೋಳು, ಎದೆ, ದವಡೆ ಎಲ್ಲ ನಡುಗಿದವು. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಕಾಲು ಜಾರಿ ಹಿಂದಕ್ಕೆ ವಾಲಿದೆ, ಕೈ ಬಿಟ್ಟುಕೊಂಡಿತು. ಕಣ್ಣು ಮುಚ್ಚಿ ನಡುಗಿದ್ದನ್ನು ನೋಡಿ ಜನ ಭಕ್ತಿ ಎಂದುಕೊಂಡು ಚಪ್ಪಾಳೆ ತಟ್ಟಿದರು. ನೀನೂ ಆ ಕಡೆಯಿಂದ ತಟ್ಟಿದೆ.

ಹಾಡು ಮುಗಿದ ಮೇಲೆ ತಬಲದ ಕೆಂಪಣ್ಣ ಅದೇ ಕಂಬಿಯನ್ನು ಹಿಡಿದು ಪಕ್ಕಕ್ಕಿಟ್ಟ. ಅವನು ಮಣೆಯ ಮೇಲೆ ಜಮಖಾನ ಹಾಸಿ ಕೂತವನು, ಕೂತಲ್ಲಿಂದಲೇ ಎತ್ತಿಟ್ಟ. ಅವನಿಗೆ ಏನೂ ಆಗಲಿಲ್ಲ. ನೀನು ಹಿಡಿದೆ, ನಿನಗೂ ಏನೂ ಆಗಲಿಲ್ಲ. ಹಿಡಿದದ್ದು ನನ್ನೊಬ್ಬಳನ್ನೇ.

ನನಗೆ ಭಯವಾಗಿದೆ. ಇಷ್ಟು ದಿನ ಅತ್ತೆಯ ಮಾತಿಗೆ ನಗುತ್ತಿದ್ದೆ, ಈಗ ನಗು ಬರುವುದಿಲ್ಲ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನಿನ್ನ ಯಂತ್ರದಲ್ಲಿ ಏನಾದರೂ ದೋಷವಿದೆಯೇ? ಇದ್ದರೆ ನನ್ನ ಎದೆಯ ಭಾರ ಇಳಿಯುತ್ತದೆ. ಇಲ್ಲವೆಂದರೆ ದೋಷ ನನ್ನಲ್ಲಿದೆ, ಅದನ್ನು ನಾನು ಹುಡುಕಿಕೊಳ್ಳಬೇಕು.

ಸುಮಿತ್ರ


ವಿರಾಜಪೇಟೆ
8-12-1954

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ಕೆಲಸ ಜಾಸ್ತಿ.

ಯಂತ್ರವನ್ನು ಬಿಚ್ಚಿ ಪೂರ್ತಿ ನೋಡಿದೆ. ಏನೂ ದೋಷವಿಲ್ಲ.

ಆದರೂ ನಿನ್ನ ಸಮಾಧಾನಕ್ಕೆ ಹೇಳುತ್ತೇನೆ, ಇನ್ನು ಮೇಲೆ ಮೈಕಿನಿಂದ ಒಂದು ಗೇಣು ದೂರ ನಿಲ್ಲು. ಕಂಬಿಯನ್ನು ಕೈಯಿಂದ ಮುಟ್ಟಬೇಡ. ನಿಲ್ಲಲು ಒಂದು ಒಣ ಹಲಗೆ ಹಾಕಿಸುತ್ತೇನೆ. ಯಾಕೆ ಎಂದು ಕೇಳಬೇಡ, ದೊಡ್ಡ ಊರುಗಳಲ್ಲಿ ಈಗ ಹೀಗೇ ಮಾಡುತ್ತಾರೆ. ಸಾಧ್ಯವಾದರೆ ಸ್ವಲ್ಪ ದಿನ ಕಚೇರಿ ಒಪ್ಪಿಕೊಳ್ಳಬೇಡ, ಗಂಟಲಿಗೂ ವಿಶ್ರಾಂತಿಯಾಗುತ್ತದೆ.

ಬೇಸಿಗೆಯಲ್ಲಿ ಮೈಸೂರಿನ ದೊಡ್ಡ ವಿದ್ವಾಂಸರೊಬ್ಬರ ಕಚೇರಿಗೆ ನಮ್ಮ ಸೆಟ್ಟನ್ನು ಕೇಳಿದ್ದಾರೆ. ಗುಂಯ್ ಇಲ್ಲದ ಮೈಕು ಎಂದೇ ಕೇಳಿದರಂತೆ. ಪೂವಯ್ಯನವರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಭಾವನಿಗೆ ನಮಸ್ಕಾರ ತಿಳಿಸು.

ಸಿದ್ದಣ್ಣ


ಶಿರಂಗಾಲ
22-2-1955

ಚಿ. ಸಿದ್ದಣ್ಣನಿಗೆ,

ಎರಡೂವರೆ ತಿಂಗಳಿಂದ ನಾನು ಕಾಗದ ಬರೆದಿಲ್ಲ, ಹಾಡಿಯೂ ಇಲ್ಲ. ಯಂತ್ರದಲ್ಲಿ ದೋಷವಿಲ್ಲವೆಂದು ನೀನು ಬರೆದೆ. ನಿನ್ನ ಮಾತನ್ನು ನಾನು ಎಂದೂ ಅನುಮಾನಿಸಿದವಳಲ್ಲ. ದೋಷ ನನ್ನಲ್ಲೇ ಎಂದು ಗಟ್ಟಿಯಾದ ಮೇಲೆ ಒಂದೊಂದೇ ವರ್ಷವನ್ನು ಹಿಂದಕ್ಕೆ ಕೆದಕಿಕೊಂಡು ಹೋದೆ. ನೀರು ಸೇದುವಾಗ, ಬೇಳೆ ಆರಿಸುವಾಗ, ಅದೇ ಕೆಲಸ. ಕಡೆಗೆ ಸಿಕ್ಕಿತು. ಸಿಗದೆ ಎಲ್ಲಿ ಹೋಗುತ್ತದೆ, ಎಲ್ಲಿಟ್ಟಿದ್ದೇನೆಂದು ನನಗೆ ಗೊತ್ತೇ ಇತ್ತು.

ನನ್ನ ಎರಡನೆಯ ಕೂಸು ತೀರಿಕೊಂಡು ಹನ್ನೊಂದು ವರ್ಷವಾಯಿತು. ತೊಟ್ಟಿಲಲ್ಲಿ ಮಲಗಿದ್ದ ಹಾಗೇ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದ್ದೆ. ನಿನಗೂ ಹೇಳಿದ್ದೆ. ಅದು ಸುಳ್ಳು. ಅವತ್ತು ಹಿತ್ತಲಲ್ಲಿ ಭತ್ತ ಕುಟ್ಟುತ್ತ ಅಪ್ಪ ಕಲಿಸಿದ ಒಂದು ಪದವನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಕೂಸು ಅತ್ತದ್ದು ನನಗೆ ಕೇಳಿಸಿತು. ಸ್ವರ ಈಗ ತಾನೇ ಹಿಡಿತಕ್ಕೆ ಬಂದಿದೆ, ಈ ಸಾಲೊಂದು ಮುಗಿಸಿ ಹೋಗೋಣ ಎಂದುಕೊಂಡೆ. ಮುಗಿಸಿದೆ. ಇನ್ನೊಂದು ಸಲ ಹೇಳಿದೆ. ಹೋಗುವಷ್ಟರಲ್ಲಿ ಕುಡಿದ ಹಾಲು ನೆತ್ತಿಗೇರಿ ಕೂಸು ನೀಲಿಯಾಗಿತ್ತು.

ಮೊನ್ನೆ ಶಿವರಾತ್ರಿಯ ಉಪವಾಸ ಮುರಿಯುವ ಮೊದಲು ಇದನ್ನು ನಿನ್ನ ಭಾವನಿಗೆ ಹೇಳಿಬಿಟ್ಟೆ. ಹನ್ನೊಂದು ವರ್ಷ ಬಾಯಿ ಬಿಡದವಳು, ದೇವರು ಬಾಯಿಗೇ ಕೈ ಹಾಕಿದ ಮೇಲೆ ಇನ್ನೇನು ಮುಚ್ಚಿಡಲಿ? ಅವರು ಟವಲು ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೋದರು. ಅವತ್ತಿನಿಂದ ಜಗಲಿಯಲ್ಲೇ ಮಲಗುತ್ತಾರೆ. ನಾನು ಬಡಿಸಿದ್ದನ್ನು ಉಣ್ಣುವುದಿಲ್ಲ, ಅತ್ತೆ ಬಡಿಸಬೇಕು.

ಈಗ ನಾನೊಂದು ಹರಕೆ ಹೊತ್ತಿದ್ದೇನೆ. ಬರುವ ಭಾನುವಾರ ಸೋಮವಾರಪೇಟೆಯಲ್ಲಿ ಭಜನೆ ಸಪ್ತಾಹದ ಕಡೆಯ ದಿನ, ಸಾಯಂಕಾಲ ನಾಲ್ಕಕ್ಕೆ ನನ್ನ ಹಾಡು. ನಿಮ್ಮ ಸೆಟ್ಟೇ ಬರುತ್ತದಂತೆ. ತಲೆಗೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ನಿಲ್ಲುತ್ತೇನೆ. ಎರಡೂ ಕೈಯಲ್ಲಿ ಆ ಕಂಬಿಯನ್ನು ಹಿಡಿಯುತ್ತೇನೆ. ಅವತ್ತು ಕೂಸಿನ ಕಡೆಗೆ ಹೋಗದೆ ಹಾಡಿದ ಪದವನ್ನೇ ಹಾಡುತ್ತೇನೆ, ಅದು ಮುಗಿಯುವವರೆಗೆ ಏನೇ ಆದರೂ ಕೈ ಬಿಡುವುದಿಲ್ಲ. ಶಿವ ಉಳಿಸಿದರೆ ಕ್ಷಮಿಸಿದ ಎಂದು ಅರ್ಥ. ನೀನು ಹಲಗೆ ಗಿಲಗೆ ಎಂದು ಅಡ್ಡ ಬರಬೇಡ. ನಾನು ಹೆದರಿಲ್ಲ ಎಂದರೆ ಸುಳ್ಳಾಗುತ್ತದೆ.

ಅಕ್ಕ


ವಿರಾಜಪೇಟೆ
2-3-1955

ಅಕ್ಕ,

ನಿನ್ನ ಹಾಸಿಗೆಯ ಪಕ್ಕ ನಿಂತು ಹೇಳಬೇಕಾದದ್ದನ್ನು ಹೇಳಲಾರದೆ ಓಡಿಬಂದೆ. ಆಸ್ಪತ್ರೆಯ ಜಗಲಿಯಲ್ಲಿ ಭಾವ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದರು. ಆ ಮುಖಕ್ಕೆ ಏನೆಂದು ಹೇಳಲಿ. ಅದಕ್ಕೇ ಬರೆಯುತ್ತಿದ್ದೇನೆ.

ದೋಷ ಯಂತ್ರದಲ್ಲಿತ್ತು. ಪೆಟ್ಟಿಗೆಯೊಳಗೆ ಎಲ್ಲೋ ಹಳೆಯ ತಂತಿಯ ಮೈ ಸವೆದು ಕರೆಂಟು ಹೊರಗೆ ಸೋರುತ್ತಿತ್ತು. ಆ ಗುಂಯ್ ಸದ್ದೇ ಅದರ ಗುರುತು. ಸೋರಿದ ಕರೆಂಟು ಸರಳಿನ ಮೂಲಕ ನೆಲಕ್ಕೆ ಹೋಗಲಿ ಎಂದೇ ಕೃಷ್ಣಪ್ಪನವರು ಆ ತಂತಿ ಕಟ್ಟುತ್ತಿದ್ದದ್ದು. ನಾನು ಅದನ್ನು ಕಿತ್ತೆ. ಆಮೇಲೆ ಅದಕ್ಕೆ ನೆಲ ಸೇರಲು ನಿನ್ನ ಮೈಯೊಂದೇ ದಾರಿಯಾಯಿತು. ಬೂಟು ಹಾಕಿದ ನನಗೂ ಮಣೆಯ ಮೇಲಿದ್ದ ಕೆಂಪಣ್ಣನಿಗೂ ತಾಗದೆ, ಕಾಲು ತೊಳೆದು ಬರಿಗಾಲಲ್ಲಿ ನಿಂತ ನಿನಗೆ ಮಾತ್ರ ತಾಗಿತು.

ಇದು ನನಗೆ ಮೊದಲು ಗೊತ್ತಿರಲಿಲ್ಲ. ಆದರೆ ಮಡಿಕೇರಿಯ ಕಾಗದ ಬಂದ ದಿನ ಬೂಟು ಬಿಚ್ಚಿ, ಅಂಗಳಕ್ಕೆ ನೀರು ಚೆಲ್ಲಿ, ಬರಿಗಾಲಲ್ಲಿ ನಿಂತು ಮೈಕು ಮುಟ್ಟಿದೆ. ಅದು ನನ್ನನ್ನು ಗೋಡೆಗೆ ಎಸೆಯಿತು. ಅವತ್ತು ಗೊತ್ತಾಯಿತು. ಗೊತ್ತಾದ ಮೇಲೂ ದೋಷವಿಲ್ಲವೆಂದು ನಿನಗೆ ಬರೆದೆ. ತಂತಿ ಕಟ್ಟಿದರೆ ಗುಂಯ್ ಬರುತ್ತದೆ, ಗುಂಯ್ ಬಂದರೆ ನಾನು ಯಾರೂ ಅಲ್ಲ ಎಂದು ಹೆದರಿದೆ. ನೀನು ಹಾಡುವುದನ್ನು ಬಿಟ್ಟೆ ಎಂದು ತಿಳಿದಾಗ, ಇನ್ನು ಅಪಾಯವಿಲ್ಲ ಎಂದು ಒಳಗೇ ಸಮಾಧಾನಪಟ್ಟುಕೊಂಡೆ. ಬೇರೆಯವರು ಕೂತು ಹಾಡುತ್ತಾರೆ, ಏನೂ ಆಗದು ಎಂದುಕೊಂಡೆ.

ಹೋದ ವಾರ ಅಮ್ಮತ್ತಿ ಕಡೆಯ ಎಸ್ಟೇಟಿನಲ್ಲಿ ಮದುವೆಗೆ ಇನ್ನೊಂದು ಸೆಟ್ಟು ತೆಗೆದುಕೊಂಡು ಹೋಗಿದ್ದೆ. ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ನಿನ್ನ ಕಾಗದ ಅಂಗಡಿಯ ಬಾಗಿಲಡಿ ಬಿದ್ದಿತ್ತು. ತಂತಿ ಕಿತ್ತ ಸೆಟ್ಟಿನೊಂದಿಗೆ ಅಂಗಡಿಯ ಹುಡುಗ ನಿಂಗ ಆಗಲೇ ಸೋಮವಾರಪೇಟೆಗೆ ಹೋಗಿಯಾಗಿತ್ತು. ಅವನಿಗೆ ಪ್ಲಗ್ಗು ಸಿಕ್ಕಿಸುವುದು ಬಿಟ್ಟರೆ ಬೇರೇನೂ ತಿಳಿಯದು. ಮಡಿಕೇರಿಯಲ್ಲಿ ಬಸ್ಸು ತಪ್ಪಿತು. ಕಾಫಿ ಮೂಟೆಯ ಲಾರಿಯೊಂದರ ಮೇಲೆ ಕೂತು ಬಂದೆ. ಸೋಮವಾರಪೇಟೆಯ ಬಸ್ ಸ್ಟಾಂಡಿನಲ್ಲಿ ಇಳಿಯುತ್ತಲೇ ಹಾರನ್ನಿನಲ್ಲಿ ನಿನ್ನ ಧ್ವನಿ ಕೇಳಿಸಿತು. ಒಂದು ಸಾಲು ಚೆನ್ನಾಗಿ ಬಂತು. ಎರಡನೆಯ ಸಾಲಿನ ನಡುವೆ, ನೀನು ಕಂಬಿ ಹಿಡಿದದ್ದು ಆಗಲೇ ಇರಬೇಕು, ಸ್ವರ ಅಲ್ಲೇ ನಿಂತಿತು, ಮುಂದಕ್ಕೆ ಹೋಗಲಿಲ್ಲ. ಜನ ಅದನ್ನು ಆಲಾಪನೆ ಎಂದುಕೊಂಡಿದ್ದರು. ಅದು ನರಳಾಟವೆಂದು ನನಗೊಬ್ಬನಿಗೇ ಗೊತ್ತಿತ್ತು. ನಾನು ಹೆಮ್ಮೆಪಟ್ಟ ಮೈಕು ಅದನ್ನು ಅಷ್ಟು ಸ್ಪಷ್ಟವಾಗಿ ಊರಿಗೆಲ್ಲ ಕೇಳಿಸುತ್ತಿತ್ತು, ನಾನು ಅದನ್ನು ಕೇಳುತ್ತಲೇ ಓಡಿದೆ. ಅಕ್ಕ, ಆ ದಾರಿ ಮುಗಿಯುವುದಿಲ್ಲವೆಂದೇ ಅನ್ನಿಸಿತು.

ಹಸಿ ಮಣ್ಣಿನ ದಿಣ್ಣೆ ಕಟ್ಟಿ ಸೆಗಣಿ ಸಾರಿಸಿದ್ದರು. ಅದರ ಮೇಲೆ ನೀನು ನೀರು ತೊಟ್ಟಿಕ್ಕುವ ಸೀರೆಯಲ್ಲಿ ಕಂಬಿಗೆ ಅಂಟಿಕೊಂಡಿದ್ದೆ. ನಾನು ಮುಂದೆ ಬರದೆ ಪೆಂಡಾಲಿನ ಹಿಂದೆ ಹೋಗಿ, ಅಕ್ಕಿ ಗಿರಣಿಯಿಂದ ಎಳೆದಿದ್ದ ವೈರನ್ನು ಬೋರ್ಡಿನಿಂದ ಕಿತ್ತೆಸೆದೆ. ಮೈಕು ಸತ್ತಿತು, ನೀನು ಬಿದ್ದೆ. ನಾನು ಕಿತ್ತದ್ದನ್ನು ಯಾರೂ ನೋಡಲಿಲ್ಲ. ದೇವರೇ ಕೈ ಬಿಡಿಸಿದ ಎಂದು ಎಲ್ಲರೂ ಕೈ ಮುಗಿದರು.

ತಂತಿಯನ್ನು ಮತ್ತೆ ಕಟ್ಟಿ ನೋಡಿದೆ. ಗುಂಯ್ ಬಂತು. ಪೂವಯ್ಯನವರಿಗೆ ಎಲ್ಲ ಹೇಳಿದೆ, ಅವರು ಪೆಟ್ಟಿಗೆಯನ್ನು ಮೈಸೂರಿಗೆ ರಿಪೇರಿಗೆ ಕಳಿಸಿದರು. ಈ ಕಾಗದವನ್ನು ಭಾವನಿಗೂ ಓದಿ ಹೇಳು. ಇಲ್ಲವೆಂದರೆ ನಾನೇ ಬಂದು ಅವರ ಕಾಲು ಹಿಡಿದು ಹೇಳುತ್ತೇನೆ. ದೇವರಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ ಎಂದು ಅವರಿಗೆ ಗೊತ್ತಾಗಬೇಕು.

ನಿನ್ನ ತಮ್ಮ ಎಂದು ಬರೆದುಕೊಳ್ಳಲು ನಾಚಿಕೆಯಾಗುತ್ತದೆ.
ಸಿದ್ದಣ್ಣ


ಶಿರಂಗಾಲ
15-3-1955

ಸಿದ್ದಣ್ಣನಿಗೆ,

ಬಲಗೈಯ ಕಟ್ಟು ಇನ್ನೂ ಬಿಚ್ಚಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ನಿನ್ನ ಕಾಗದ ಓದಿ ನಿನ್ನ ಮೇಲೆ ಎಂದೂ ಬರದಷ್ಟು ಸಿಟ್ಟು ಬಂತು. ಅಂಗೈ ಸುಟ್ಟದ್ದಕ್ಕಲ್ಲ. ಎರಡೂವರೆ ತಿಂಗಳು ನಾನು ನನ್ನನ್ನೇ ಅಗೆದುಕೊಂಡೆನಲ್ಲ, ಆ ಹೊತ್ತಿನಲ್ಲಿ ನೀನು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಿನ್ನ ತಂತಿಯ ತಪ್ಪಿಗೆ ನಾನು ನನ್ನ ಕೂಸಿನ ಮಾತನ್ನು ಹೊರಗೆ ತೆಗೆದುಕೊಟ್ಟೆ. ಅದನ್ನು ಮತ್ತೆ ಒಳಗೆ ಹಾಕಲು ಆಗುವುದಿಲ್ಲ.

ಆದರೆ ಆ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಲಿಲ್ಲ. ಒಲೆಗೆ ಹಾಕಿದೆ. ಯಾಕೆಂದು ಕೇಳು. ಆಸ್ಪತ್ರೆಯಿಂದ ಬಂದ ದಿನ ಅವರೇ ನನಗೆ ಗಂಜಿ ಕುಡಿಸಿದರು. ಜಗಲಿಯಿಂದ ಹಾಸಿಗೆ ಒಳಗೆ ತಂದರು. ಕೈಗೆ ಮುಲಾಮು ಹಚ್ಚುತ್ತ, ತಲೆ ಎತ್ತದೆ, "ಅವನೇ ಹಿಡ್ದ, ಅವನೇ ಬಿಟ್ಟ. ಕೂಸಿಂದು ಅಲ್ಲಿಗೆ ತೀರ್ತು. ಇನ್ನು ನಾನ್ಯಾರು ಸಿಟ್ಟು ಮಾಡಾಕೆ," ಎಂದರು. ಅವರು ನನ್ನನ್ನು ಕ್ಷಮಿಸಿಲ್ಲ, ದೇವರು ಶಿಕ್ಷೆ ಕೊಟ್ಟಾಯಿತು ಎಂದು ಬಿಟ್ಟಿದ್ದಾರೆ. ಅದು ದೇವರಲ್ಲ, ಸವೆದ ತಂತಿ ಎಂದು ತಿಳಿದರೆ ಕೂಸಿನ ಸಾವಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ ಎಂದಾಗುತ್ತದೆ. ಆಗ ಅವರು ಮತ್ತೆ ಜಗಲಿಗೆ ಹೋಗುತ್ತಾರೆ. ಆ ಜಗಲಿಯ ಮೌನವನ್ನು ನಾನು ಇನ್ನೊಂದು ದಿನ ತಡೆಯಲಾರೆ. ಮೈಕು ಹಿಡಿದಾಗಲೂ ನಾನು ಇಷ್ಟು ಹೆದರಿರಲಿಲ್ಲ.

ಆದ್ದರಿಂದ ನೀನು ಬಂದು ಕಾಲು ಹಿಡಿಯುವುದು ಬೇಡ. ಹೇಳಿ ಹಗುರಾಗುವುದು ನಿನಗೆ, ಅದನ್ನು ಹೊರುವುದು ನನಗೆ. ತಂತಿಯನ್ನು ಎಲ್ಲೂ ಬಿಚ್ಚಬೇಡ, ಬರಿಗಾಲಲ್ಲಿ ನಿಂತು ಮುಟ್ಟದೆ ಯಾರನ್ನೂ ಹಾಡಲು ಕರೆಯಬೇಡ. ನನಗೆ ನೀನು ಕೊಡಬೇಕಾದದ್ದು ಅಷ್ಟೇ.

ಇನ್ನೊಂದು. ನಿನ್ನ ಭಾವ ನಾಳೆ ವಿರಾಜಪೇಟೆಗೆ ಬರುತ್ತಿದ್ದಾರೆ. ತಾವೇ ಕಂಡು ಪೂವಯ್ಯನವರಿಗೆ ಕೈ ಮುಗಿಯಬೇಕಂತೆ, ಆ ಮೈಕಿನಲ್ಲಿ ದೇವರು ಬಂದಿದ್ದ ಎಂದು. ಎಷ್ಟು ಬೇಡವೆಂದರೂ ಕೇಳಲಿಲ್ಲ. ಅವರು ಮಾತು ತೆಗೆಯುವ ಮೊದಲು ಪೂವಯ್ಯನವರ ಬಾಯಿ ಕಟ್ಟುವುದು ನಿನ್ನ ಕೆಲಸ. ನಾನು ಬರೆಯುತ್ತಿರುವುದನ್ನು ಕಂಡು, ತಾವೇ ಹೋಗುವಾಗ ಟಪಾಲೇಕೆ ಎಂದು ಕೈ ಚಾಚಿ ನಿಂತಿದ್ದಾರೆ. ಕೊಡುವುದಿಲ್ಲವೆಂದರೆ ಯಾಕೆ ಎನ್ನುತ್ತಾರೆ. ಅವರಿಗೆ ಅಕ್ಷರ ಬಾರದು. ಈ ಕಾಗದ ಅವರ ಜೇಬಿನಲ್ಲೇ ನಿನ್ನ ಹತ್ತಿರ ಬರುತ್ತದೆ.

ನಿನ್ನ ಕೈಗೆ ಕೊಟ್ಟು ಎದುರಿಗೇ ಕೂರುತ್ತಾರೆ, ಗಟ್ಟಿಯಾಗಿ ಓದು ಎನ್ನುತ್ತಾರೆ. ತಡವರಿಸಬೇಡ, ಅವರ ಮುಖ ನೋಡಬೇಡ. ಇಷ್ಟು ಓದು:

"ತಮ್ಮಾ, ಕೈ ವಾಸಿಯಾಗುತ್ತಿದೆ. ಶಿವ ದೊಡ್ಡವನು. ನಿನ್ನ ಭಾವನ ಕೈಯಲ್ಲಿ ಒಂದು ಚೀಲ ಶುಂಠಿ ಕಳಿಸಿದ್ದೇನೆ, ಪೂವಯ್ಯನವರ ಮನೆಗೆ ಕೊಡು. ಇಂತಿ ನಿನ್ನ ಅಕ್ಕ, ಸುಮಿತ್ರ."